ಇಳಿಜಾರು ಹಲಗೆಯ ಪ್ರಯೋಗ ಪೆಟ್ಟಿಗೆ: ಒಂದು ತಿಂಗಳು ಬಳಸಿದ ಮೇಲೆ

ನನ್ನ ಬಳಿ ಪಾಠಕ್ಕೆ ಬರುವ ಹುಡುಗಿಗೆ ಒಂದು ಲೆಕ್ಕ ಕೊಟ್ಟಿದ್ದೆ. 20 ಡಿಗ್ರಿ ಇಳಿಜಾರಿನ ಮೇಲೆ 2 ಕಿಲೋಗ್ರಾಂ ಮರದ ತುಂಡು ನಿಂತಿದೆ, ಸ್ಥಿತಿ ಘರ್ಷಣೆಯ (ನಿಂತ ವಸ್ತುವನ್ನು ಜಾರದಂತೆ ತಡೆಯುವ ಘರ್ಷಣೆ) ಗುಣಾಂಕ 0.5, ಘರ್ಷಣೆಯ ಬಲ ಎಷ್ಟು? ಗುಣಾಂಕವನ್ನು ಲಂಬ ಪ್ರತಿಕ್ರಿಯೆಯಿಂದ, ಅಂದರೆ ಇಳಿಜಾರು ತುಂಡನ್ನು ತನಗೆ ಲಂಬವಾಗಿ ಒತ್ತುವ ಬಲದಿಂದ, ಗುಣಿಸಿ 9.2 ನ್ಯೂಟನ್ ಎಂದು ಬರೆದಳು. ಆದರೆ ತುಂಡನ್ನು ಕೆಳಕ್ಕೆ ಎಳೆಯುವ ಬಲ 6.7 ನ್ಯೂಟನ್ ಮಾತ್ರ. ಅವಳ ಉತ್ತರ ನಿಜವಾದರೆ ತುಂಡು ತಾನಾಗಿಯೇ ಇಳಿಜಾರು ಹತ್ತಬೇಕು! ಈ ತಪ್ಪನ್ನು ಎಷ್ಟೋ ಮಕ್ಕಳ ಹಾಳೆಯಲ್ಲಿ ಕಂಡಿದ್ದೇನೆ; ಬಾಯಿಮಾತಿನಲ್ಲಿ ಹೇಳಿ ಸಾಕಾಗಿ ಈ ಪೆಟ್ಟಿಗೆ ತರಿಸಿದೆ.

ಕೀಲು ಹಾಕಿದ ಒಂದು ಮೀಟರ್ ಹಲಗೆ, ಅರ್ಧ ಕಿಲೋಗ್ರಾಂ ಮರದ ತುಂಡು, ತೂಕದ ಬಟ್ಟುಗಳು, ಸ್ಪ್ರಿಂಗ್ ತಕ್ಕಡಿ, ರಾಟೆ, ಕೋನಮಾಪಕ ಇದರಲ್ಲಿವೆ.

ಮೊದಲು ಹಲಗೆಯನ್ನು ಮಟ್ಟಸವಾಗಿಟ್ಟು ತುಂಡಿಗೆ ತಕ್ಕಡಿ ಸಿಕ್ಕಿಸಿ ಮೆಲ್ಲಗೆ ಎಳೆಯಲು ಹೇಳಿದೆ. ಮುಳ್ಳು 1 ನ್ಯೂಟನ್ ತೋರಿಸಿತು, ತುಂಡು ಕದಲಲಿಲ್ಲ. 2 ತೋರಿಸಿತು, ಆಗಲೂ ಇಲ್ಲ. 2.5ರ ಹತ್ತಿರ ತುಂಡು ಥಟ್ಟನೆ ಜಾರಿತು, ಮುಳ್ಳು 2ಕ್ಕೆ ಇಳಿದು ಅಲ್ಲೇ ನಡುಗುತ್ತಾ ನಿಂತಿತು. "ಹಾಗಾದರೆ ನಾನು ಎಳೆದಷ್ಟೇ ಅದೂ ಹಿಡಿಯುತ್ತಿತ್ತೇ?" ಎಂದಳು. ನಾನು ವಾರಗಟ್ಟಲೆ ಹೇಳಿದ್ದು ಇದನ್ನೇ. ಸ್ಥಿತಿ ಘರ್ಷಣೆ ಬೇಕಾದಷ್ಟೇ ಹಿಡಿಯುತ್ತದೆ. ಗುಣಾಂಕ ಹೇಳುವುದು ಅದರ ಗರಿಷ್ಠ ಮಿತಿಯನ್ನು. ಆಮೇಲೆ ಹಳೆಯ ಲೆಕ್ಕವನ್ನು ತೆಗೆದು, ಚಿತ್ರ ಬರೆದು, ತೂಕ, ಲಂಬ ಪ್ರತಿಕ್ರಿಯೆ, ಘರ್ಷಣೆಗೆ ಮೂರು ಬಾಣ ಹಾಕಿ, 6.7 ಎಂದು ತಾನೇ ತಿದ್ದಿಕೊಂಡಳು.

ಇನ್ನೊಂದು ದಿನ ಹಲಗೆಯ ತುದಿಯನ್ನು ಎತ್ತುತ್ತಾ ಹೋದೆವು. ಸುಮಾರು 27 ಡಿಗ್ರಿಯಲ್ಲಿ ತುಂಡು ಜಾರಿತು. ಮೇಲೆ ಬಟ್ಟುಗಳನ್ನು ಹೇರಿದರೂ ಹೆಚ್ಚುಕಡಿಮೆ ಅದೇ ಕೋನ. ಭಾರ ಹೆಚ್ಚಾದರೆ ಬೇಗ ಜಾರುತ್ತದೆ ಎಂದು ಅವಳು ಊಹಿಸಿದ್ದಳು. ಎಳೆಯುವ ಬಲವೂ ಒತ್ತುವ ಬಲವೂ ಒಂದೇ ಪ್ರಮಾಣದಲ್ಲಿ ಹೆಚ್ಚುವುದರಿಂದ ದ್ರವ್ಯರಾಶಿ ಸಮೀಕರಣದಿಂದ ಹೊರಬೀಳುತ್ತದೆ. ಅದನ್ನು ಕಣ್ಣಾರೆ ನೋಡಿದ ಮೇಲೆ ಕಾಗದದ ಮೇಲೆ ಹೊಡೆದುಹಾಕಲು ಅವಳು ಹಿಂಜರಿಯಲಿಲ್ಲ.

ಕೊರತೆಗಳೂ ಇವೆ. ಕೋನಮಾಪಕದಲ್ಲಿ ಐದೈದು ಡಿಗ್ರಿಗೆ ಒಂದು ಗೆರೆ. ತುಂಡು ಜಾರತೊಡಗುವ ಕೋನದಲ್ಲಿ ಹಲಗೆಯ ಎತ್ತರವನ್ನು ತಳದಿಂದ ಭಾಗಿಸಿದರೆ ಗುಣಾಂಕ ಸಿಗುತ್ತದೆ; 25 ಡಿಗ್ರಿಗೆ ಅದು 0.47, 30ಕ್ಕೆ 0.58, ಅಂದಾಜಿನ ಓದು ಇಲ್ಲಿ ಸಾಲದು. ಅದನ್ನು ಪಕ್ಕಕ್ಕಿಟ್ಟು ಅಳತೆಪಟ್ಟಿ ಹಿಡಿಯಿರಿ. ನಮಗೆ ಎತ್ತರ 45.4, ತಳ 89.1 ಸೆಂಟಿಮೀಟರ್ ಬಂತು, ಭಾಗಿಸಿದರೆ 0.51. ತಕ್ಕಡಿಯ ಫಲಿತಾಂಶಕ್ಕೂ (2.5 ನ್ಯೂಟನ್ ಅನ್ನು ತುಂಡಿನ ತೂಕ 4.9 ನ್ಯೂಟನ್‌ನಿಂದ ಭಾಗಿಸಿದ್ದು) ಇದು ಹೊಂದಿತು. ರಾಟೆಯಂತೂ ಬಿಗಿಯಾಗಿದೆ, ತನ್ನದೇ ಘರ್ಷಣೆಯನ್ನು ಲೆಕ್ಕಕ್ಕೆ ಸೇರಿಸುತ್ತದೆ. ತಯಾರಕರು ಇದನ್ನು ಬದಲಿಸಲೇಬೇಕು. ಹಲಗೆಯನ್ನು ಪ್ರತಿ ಸಲವೂ ಒಣಬಟ್ಟೆಯಿಂದ ಒರೆಸಿ. ಬೆರಳಿನ ಜಿಡ್ಡು ತಾಗಿದ ಕಡೆ ತುಂಡು ಬೇರೆಯೇ ಕೋನದಲ್ಲಿ ಜಾರುತ್ತದೆ.

ಇಷ್ಟಾದರೂ ಘರ್ಷಣೆಯ ಪಾಠ ಶುರು ಮಾಡುವ ಯಾವ ಶಿಕ್ಷಕರಿಗೂ ಇದನ್ನು ಕೊಳ್ಳಿ ಎನ್ನುತ್ತೇನೆ, ರಾಟೆಯನ್ನು ಮಾತ್ರ ಬೇರೆ ತಂದುಕೊಳ್ಳಿ.