‘ಕೀಂ’ ನಿಂತಿತೆಂದು ಖುಷಿಪಟ್ಟು ಸಂಪಾಜೆ ಘಾಟಿ ಇಳಿದ ಕಥೆ

ಮಡಿಕೇರಿಯ ಮದುವೆಗೆ ಬದಿಯಡ್ಕದಿಂದ ಮುಳ್ಳೇರಿಯ, ಜಾಲ್ಸೂರು, ಸುಳ್ಯ ದಾಟಿ ಹೋದವರು ನಾವು ಐದು ಜನ. ಮೂರು ವಾರ ಮೊದಲೇ ಬ್ರೇಕ್ ಒತ್ತಿದಾಗಲೆಲ್ಲ ಮುಂದಿನ ಎಡಚಕ್ರ ‘ಕೀಂ’ ಎನ್ನುತ್ತಿತ್ತು. ನಮ್ಮ ಮಳೆಗಾಲದಲ್ಲಿ ಅಂಗಳದಲ್ಲಿ ನಿಲ್ಲಿಸಿದ ಗಾಡಿಯ ಡಿಸ್ಕಿಗೆ (ಚಕ್ರದ ಜೊತೆ ತಿರುಗುವ ಬ್ರೇಕಿನ ಲೋಹದ ತಟ್ಟೆ) ತುಕ್ಕು ಹಿಡಿದು ಬೆಳಗ್ಗೆ ಕರಕರ ಎನ್ನುವುದು ಮಾಮೂಲು, ಇದೂ ಅದೇ ಎಂದುಕೊಂಡೆ. ಆದರೆ ತುಕ್ಕಿನ ಸದ್ದು ನಾಲ್ಕೈದು ಬಾರಿ ಬ್ರೇಕ್ ಹಾಕುವಷ್ಟರಲ್ಲಿ ಹೋಗುತ್ತದೆ. ಇದು ಚೆರ್ಕಳದವರೆಗೂ ಜೊತೆಗೇ ಬರುತ್ತಿತ್ತು.

ಬ್ರೇಕ್ ಒತ್ತಿದಾಗ ಡಿಸ್ಕನ್ನು ಎರಡೂ ಬದಿಯಿಂದ ಅಮುಕಿ ಹಿಡಿಯುವ ಪ್ಯಾಡ್ ಸವೆದು 2-3 ಮಿ.ಮೀ. ಉಳಿದಾಗ ಡಿಸ್ಕಿಗೆ ಉಜ್ಜಿ ಕೂಗಲೆಂದೇ ಅದರ ಬೆನ್ನಿಗೆ ಒಂದು ಸಣ್ಣ ಉಕ್ಕಿನ ಪಟ್ಟಿ ಕೂರಿಸಿರುತ್ತಾರೆ. ಗ್ಯಾರೇಜಿನಲ್ಲಿ ತೋರಿಸಿದೆ. ಚಕ್ರ ಬಿಚ್ಚದೆ, ಸಂದಿಯಿಂದ ಟಾರ್ಚ್ ಹಾಕಿ “ಇನ್ನೂ ಅರ್ಧ ಉಂಟು” ಎಂದರು. ಬ್ರೇಕ್ ಆಯಿಲ್ ಕಮ್ಮಿಯಿದೆಯೆಂದು ಸ್ವಲ್ಪ ಹೊಯ್ದು ಕಳಿಸಿದರು. ಪ್ಯಾಡ್ ಸವೆದಷ್ಟೂ ಅದನ್ನು ಹಿಡಿದು ಒತ್ತುವ ಕ್ಯಾಲಿಪರಿನ ಪಿಸ್ಟನ್ ಹೊರಬಂದು ಆಯಿಲ್ ಮಟ್ಟ ಇಳಿಯುತ್ತದಂತೆ. ನನಗೆ ಗೊತ್ತಿರಲಿಲ್ಲ ಸರಿ, ಅವರಿಗೆ ಗೊತ್ತಿರಬೇಕಿತ್ತು.

ಮದುವೆಗೆ ಎರಡು ದಿನವಿರುವಾಗ ಸದ್ದು ನಿಂತಿತು. “ನೋಡು, ತನ್ನಿಂದ ತಾನೇ ಸರಿಯಾಯ್ತು” ಎಂದರು ಅಪ್ಪ.

ಹಿಂತಿರುಗುವಾಗ ಸಂಪಾಜೆ ಘಾಟಿಯ ಇಳಿಜಾರಿನಲ್ಲಿ ಬ್ರೇಕ್ ಒತ್ತಿದೆ: ‘ಗರ್ರ್’, ಸಾಣೆಕಲ್ಲಿಗೆ ಕತ್ತಿ ಹಿಡಿದ ಹಾಗೆ. ಕಿವಿಗಿಂತ ಮೊದಲು ಕಾಲಿಗೆ ಗೊತ್ತಾಯಿತು. ಪೆಡಲ್ ನಡುಗುತ್ತಿತ್ತು, ಗಾಡಿ ಬಲಕ್ಕೆ ಎಳೆಯುತ್ತಿತ್ತು, ಸುಟ್ಟ ವಾಸನೆ ಬೇರೆ. ಹಿಂದಿನ ಸೀಟಿನಲ್ಲಿ ಮಾತು ನಿಂತಿತು. ಬದಿಗೆ ನಿಲ್ಲಿಸಿ, ಚಕ್ರ ತಣಿಯಲು ಬಿಟ್ಟು, ಆಮೇಲೆ ಫಸ್ಟ್ ಗೇರಿನಲ್ಲೇ ಸಂಪಾಜೆವರೆಗೆ ತೆವಳಿದೆವು. ಅದೂ ತಪ್ಪೇ, ಎಳೆದೊಯ್ಯುವ ಗಾಡಿ ಕರೆಯಬೇಕಿತ್ತು.

ಅಲ್ಲಿ ಚಕ್ರ ಬಿಚ್ಚಿದ ಮೆಕ್ಯಾನಿಕ್ ಒಳಬದಿಯ ಪ್ಯಾಡನ್ನು ನನ್ನ ಕೈಗಿಟ್ಟರು. “ಇದರಲ್ಲಿ ಪ್ಯಾಡ್ ಎಲ್ಲುಂಟು ಮಾರಾಯ್ರೆ, ಬರೀ ತಗಡು.” ಕೂಗುವ ಪಟ್ಟಿ ಮುರಿದುಹೋಗಿತ್ತು, ಸದ್ದು ನಿಂತದ್ದು ಅದಕ್ಕೆ. ಹೊರಬದಿಯ ಪ್ಯಾಡ್ ನಿಜಕ್ಕೂ ಅರ್ಧ ಇತ್ತು! ಕ್ಯಾಲಿಪರ್ ಜಾರುವ ಪಿನ್ ತುಕ್ಕಿಗೆ ಬಿಗಿದು, ಒಳಗಿನ ಪ್ಯಾಡೊಂದೇ ತಿಂಗಳುಗಟ್ಟಲೆ ಸವೆದಿತ್ತು. ಡಿಸ್ಕಿನಲ್ಲಿ ಉಗುರು ಸಿಕ್ಕುವಷ್ಟು ಆಳದ ಗೀರು. ಪ್ಯಾಡಿನಲ್ಲಿ ಮುಗಿಯಬೇಕಿದ್ದ ಖರ್ಚು, ಎರಡೂ ಬದಿಯ ಡಿಸ್ಕ್ ಸೇರಿ ನಾಲ್ಕು ಪಟ್ಟಾಯಿತು.

‘ಕೀಂ’ ಕೇಳಿದ ವಾರದೊಳಗೆ ಚಕ್ರ ಬಿಚ್ಚಿಸಿ, ಒಳಗಿನ ಪ್ಯಾಡನ್ನು ನೀವೇ ಕಣ್ಣಾರೆ ನೋಡಿ. ‘ಗರ್ರ್’ ಕೇಳಿದರೆ ಗಾಡಿ ಓಡಿಸಲೇಬೇಡಿ. ಬ್ರೇಕ್ ಒತ್ತದಿದ್ದರೂ ಸದ್ದು ಬರುತ್ತಿದ್ದರೆ ಡಿಸ್ಕಿನ ಹಿಂದೆ ಜಲ್ಲಿ ಸಿಕ್ಕಿರಲೂಬಹುದು, ಅದನ್ನೂ ಬಿಚ್ಚಿಯೇ ನೋಡಬೇಕು. ಹಿಂದಿನ ಚಕ್ರದ ಡ್ರಮ್ ಬ್ರೇಕಿಗೆ ಸಾಮಾನ್ಯವಾಗಿ ಕೂಗುವ ಪಟ್ಟಿಯೂ ಇರುವುದಿಲ್ಲ. ನನ್ನದನ್ನು ಸೋಮವಾರ ಬಿಚ್ಚುತ್ತಾರೆ, ಬೇರೆ ಗ್ಯಾರೇಜಿನಲ್ಲಿ.