ಗೋಳಗುಮ್ಮಟದ ಪಕ್ಕದ ಚಂದ್ರನಿಗೆ 250 ಎಂಎಂ ಸಾಕೇ? ಕ್ಯಾನನ್ 55-250 ಎಸ್‌ಟಿಎಂ ಲೆನ್ಸ್ ವಿಮರ್ಶೆ

ಚಂದ್ರನ ಫೋಟೊ ತೆಗೀಬೇಕು ಅಂತ ಕೇಳಿದರೆ ಅಂಗಡಿಯವರ ಕೈ ಮೊದಲು ಹೋಗೋದು 600 ಎಂಎಂ ಲೆನ್ಸಿನ ಕಡೆಗೆ. ಕಪ್ಪು ಆಕಾಶದಲ್ಲಿ ಕುಳಿಗಳೆಲ್ಲ ಎಣಿಸುವ ಹಾಗೆ ಕಾಣುವ ಒಂಟಿ ಚಂದ್ರ ಬೇಕಿದ್ದರೆ ಅದೇ ಸರಿ. ಆದರೆ ನಸುಕಿನಲ್ಲಿ ವಿಜಯಪುರದ ಗೋಳಗುಮ್ಮಟದ ಪಕ್ಕಕ್ಕೆ ಇಳಿಯುವ ಚಂದ್ರ ಬೇಕಿದ್ದರೆ ಲೆಕ್ಕವೇ ಬೇರೆ. ಅದಕ್ಕೆ ಕ್ಯಾನನ್ ಇಎಫ್-ಎಸ್ 55-250 ಎಂಎಂ ಎಫ್/4-5.6 ಐಎಸ್ ಎಸ್‌ಟಿಎಂ ಸಾಕು (ಐಎಸ್ ಎಂದರೆ ಕೈ ನಡುಕ ತಡೆಯುವ ವ್ಯವಸ್ಥೆ, ಎಸ್‌ಟಿಎಂ ಎಂದರೆ ಫೋಕಸ್ ಮೋಟರಿನ ಬಗೆ). 2013ರಲ್ಲಿ ಬಂದ, 375 ಗ್ರಾಂ ತೂಗುವ, ಪ್ಲಾಸ್ಟಿಕ್ ಮೌಂಟಿನ ಲೆನ್ಸ್ ಇದು. ಕ್ಯಾಮೆರಾ ಜೊತೆ ಕಿಟ್‌ನಲ್ಲಿ ಬಂದು ಎಷ್ಟೋ ಮನೆಗಳ ಕಪಾಟಿನಲ್ಲಿ ಸುಮ್ಮನೆ ಕೂತಿದೆ.

ಚಂದ್ರ ಆಕಾಶದಲ್ಲಿ ಅರ್ಧ ಡಿಗ್ರಿಯಷ್ಟೇ ಅಗಲ. ಫೋಕಲ್ ಲೆಂಗ್ತನ್ನು (ಲೆನ್ಸಿನ ಎಂಎಂ ಸಂಖ್ಯೆ) 110ರಿಂದ ಭಾಗಿಸಿದರೆ ಸೆನ್ಸರ್ ಮೇಲೆ ಅದು ಎಷ್ಟು ಮಿಲಿಮೀಟರ್ ಬೀಳುತ್ತದೆ ಎಂದು ಗೊತ್ತಾಗುತ್ತದೆ. 250 ಎಂಎಂಗೆ 2.3 ಮಿ.ಮೀ. 24 ಮೆಗಾಪಿಕ್ಸೆಲ್‌ನ ಎಪಿಎಸ್-ಸಿ (ಫುಲ್ ಫ್ರೇಮ್‌ಗಿಂತ ಚಿಕ್ಕ ಸೆನ್ಸರಿನ) ಕ್ಯಾಮೆರಾದಲ್ಲಿ ಸುಮಾರು 600 ಪಿಕ್ಸೆಲ್, ಅಂದರೆ ಫ್ರೇಮಿನ ಅಗಲದ ಹತ್ತನೇ ಒಂದು ಪಾಲು. ಅಷ್ಟರಲ್ಲಿ ಚಂದ್ರನ ಕಪ್ಪು ಕಲೆಗಳು ಸ್ಪಷ್ಟ ಕಾಣುತ್ತವೆ, ಸಣ್ಣ ಕುಳಿಗಳು ಕಾಣುವುದಿಲ್ಲ. ಭೂದೃಶ್ಯದ ಫೋಟೊಗೆ ಸಣ್ಣ ಕುಳಿ ಯಾರಿಗೂ ಬೇಕಿಲ್ಲ.

ಗುಮ್ಮಟದ ಹೊರವ್ಯಾಸ ಸುಮಾರು 44 ಮೀಟರ್. ಚಂದ್ರನೂ ಗುಮ್ಮಟವೂ ಸಮಸಮ ಕಾಣಬೇಕೆಂದರೆ 5 ಕಿ.ಮೀ. ದೂರ ನಿಲ್ಲಬೇಕು. ಎರಡೂವರೆ ಕಿ.ಮೀ.ನಲ್ಲಿ ನಿಂತರೆ ಚಂದ್ರ ಗುಮ್ಮಟದ ಅರ್ಧ, ಒಂದು ಕಿ.ಮೀ.ನಲ್ಲಿ ಐದನೇ ಒಂದು ಪಾಲು. ಈ ಅನುಪಾತವನ್ನು ಯಾವ ಲೆನ್ಸೂ ಬದಲಿಸಲಾರದು, ನಿಂತ ಜಾಗ ಮಾತ್ರ ಬದಲಿಸುತ್ತದೆ. 600 ಎಂಎಂ ಹಾಕಿದರೆ ಅದೇ ಚಿತ್ರ ಹತ್ತಿರದಿಂದ ಕತ್ತರಿಸಿ ಕೊಟ್ಟಂತೆ ಆಗುತ್ತದೆ, ಅಷ್ಟೇ. ಹಣ ಸುರಿಯುವ ಮುಂಚೆ ಬೈಕಿಗೆ ಪೆಟ್ರೋಲ್ ಹಾಕಿ ಹಿಂದಕ್ಕೆ ಸರಿದು ನೋಡುವುದು ಒಳ್ಳೆಯದು.

ಹಾಗಂತ 5 ಕಿ.ಮೀ.ಗೆ ಹೋಗಿ ನಿಂತರೆ ಇನ್ನೊಂದು ತೊಂದರೆ. ಕಟ್ಟಡದ ಎತ್ತರ ಸುಮಾರು 51 ಮೀಟರ್. ಅಷ್ಟು ದೂರದಿಂದ ಅದರ ತುದಿ ದಿಗಂತದಿಂದ ಬರೀ 0.6 ಡಿಗ್ರಿ ಮೇಲೆ. ಆ ಎತ್ತರದಲ್ಲಿ ಚಂದ್ರನ ಬೆಳಕು ದೂಳಿನೊಳಗೇ ಮುಳುಗಿರುತ್ತದೆ, ಆಕಾರವೂ ಮೇಲೆ ಕೆಳಗೆ ಒತ್ತಿದಂತೆ ಚಪ್ಪಟೆಯಾಗಿರುತ್ತದೆ. ದವನದ ಹುಣ್ಣಿಮೆ, ಆಗಿ ಹುಣ್ಣಿಮೆಯ ಬಿಸಿಲುಗಾಲದಲ್ಲಂತೂ ದಿಗಂತ ಮುಟ್ಟುವ ಮೊದಲೇ ಚಂದ್ರ ಕರಗಿ ಹೋಗಬಹುದು. ಆಗ 1 ರಿಂದ 1.5 ಕಿ.ಮೀ. ದೂರ ವಾಸಿ, ಒಂದು ಕಿ.ಮೀ.ನಲ್ಲಿ ತುದಿ 2.9 ಡಿಗ್ರಿ ಮೇಲಿರುತ್ತದೆ, 250 ಎಂಎಂನಲ್ಲಿ ಗುಮ್ಮಟ ಫ್ರೇಮಿನ ಅರ್ಧ ತುಂಬುತ್ತದೆ. ಗಾಳಿ ತೊಳೆದಂತಿರುವ ಸೀಗಿ ಹುಣ್ಣಿಮೆಯ ಆಸುಪಾಸಿನಲ್ಲಿ ಎರಡೂವರೆ ಕಿ.ಮೀ.ವರೆಗೆ ಧೈರ್ಯ ಮಾಡಬಹುದು.

ಹೆಚ್ಚಿನವರು ಸಂಜೆ ಚಂದ್ರೋದಯಕ್ಕೆ ಹೋಗುತ್ತಾರೆ. ಈ ಊರಿನಲ್ಲಿ ಅದು ಕಷ್ಟದ ದಾರಿ. ಗೋಳಗುಮ್ಮಟ ಊರಿನ ಪೂರ್ವ ಅಂಚಿನಲ್ಲಿದೆ. ಅದರ ಹಿಂದೆ ಚಂದ್ರ ಹುಟ್ಟಬೇಕೆಂದರೆ ಕ್ಯಾಮೆರಾ ಪಶ್ಚಿಮಕ್ಕೆ, ಅಂದರೆ ಊರೊಳಗೆ ಇರಬೇಕು. ನೀರಿನ ಟಾಕಿ, ತಂತಿ, ಮೊಬೈಲ್ ಟವರ್ ಎಲ್ಲ ನಡುವೆ. ಜೊತೆಗೆ ಹಗಲೆಲ್ಲ ಕಾದ ಹಂಚು, ಕಾಂಕ್ರೀಟು ಸಂಜೆ ಬಿಡುವ ಕಾವಿಗೆ 250 ಎಂಎಂನಲ್ಲಿ ಚಂದ್ರನ ಅಂಚು ನೀರಿನಲ್ಲಿ ಕಂಡಂತೆ ನಡುಗುತ್ತದೆ. ಅದಕ್ಕೆ ಲೆನ್ಸನ್ನು ಬೈದು ಪ್ರಯೋಜನವಿಲ್ಲ. ಬೆಳಗ್ಗೆ ರೈಲು ನಿಲ್ದಾಣದಾಚೆಯ ಪೂರ್ವದ ಬಯಲಿನಿಂದ ಚಂದ್ರಾಸ್ತ ಹಿಡಿಯುವುದು ಮೇಲು. ಗಾಳಿ ತಣ್ಣಗಿರುತ್ತದೆ, ನೋಟಕ್ಕೆ ಅಡ್ಡಿ ಕಡಿಮೆ, ಬೆನ್ನ ಹಿಂದಿನಿಂದ ಬರುವ ಬೆಳಕು ಗುಮ್ಮಟದ ಮುಖಕ್ಕೇ ಬೀಳುತ್ತದೆ. ಪಶ್ಚಿಮದಲ್ಲಿ ಆ ಹೊತ್ತಿಗೆ ಕೆಳಗೆ ನೀಲಿ-ಬೂದು ಪಟ್ಟಿ, ಅದರ ಮೇಲೆ ಗುಲಾಬಿ ಪಟ್ಟಿ ಕಾಣುತ್ತದೆ. ನೀಲಿಯದು ಭೂಮಿಯ ನೆರಳು. ಚಂದ್ರ ಗುಲಾಬಿಯಲ್ಲಿರುವಾಗ ತೆಗೆದ ಫ್ರೇಮೇ ಕೊನೆಗೆ ಉಳಿಯುವುದು.

ದಿನ ಆರಿಸುವಾಗ ಪಂಚಾಂಗದ ಹುಣ್ಣಿಮೆಗಿಂತ ಗಡಿಯಾರ ಮುಖ್ಯ. ಚಂದ್ರಾಸ್ತವೂ ಸೂರ್ಯೋದಯವೂ ಹತ್ತು ನಿಮಿಷದ ಒಳಗೆ ಹಿಂದೆ ಮುಂದೆ ಇರುವ ಬೆಳಗು ಹುಡುಕಬೇಕು. ಅಸ್ತ ಅರ್ಧ ತಾಸಿಗಿಂತ ತಡವಾದರೆ ಬೆಳ್ಳನೆಯ ಆಕಾಶದಲ್ಲಿ ಚಂದ್ರ ಹಪ್ಪಳದಂತೆ ಕಾಣುತ್ತದೆ. ದಿಕ್ಕೂ ತಿಂಗಳಿಗೊಮ್ಮೆ ಬದಲಾಗುತ್ತದೆ. ಹೋಳಿ ಮತ್ತು ಸೀಗಿ ಹುಣ್ಣಿಮೆಗೆ ಚಂದ್ರ ಹೆಚ್ಚುಕಮ್ಮಿ ನೇರ ಪಶ್ಚಿಮಕ್ಕೆ ಮುಳುಗುತ್ತದೆ. ಹೊಸ್ತಿಲ ಹುಣ್ಣಿಮೆ, ಬನದ ಹುಣ್ಣಿಮೆಗೆ ವಾಯವ್ಯದ ಕಡೆ ಸರಿದಿರುತ್ತದೆ, ಹಾಗಾಗಿ ನಿಲ್ಲುವ ಜಾಗ ಗುಮ್ಮಟದಿಂದ ಆಗ್ನೇಯಕ್ಕೆ ವಾಲಬೇಕು. ಕಾರ ಹುಣ್ಣಿಮೆಗೆ ಇದರ ತಿರುವು, ಈಶಾನ್ಯಕ್ಕೆ. ಫೋಟೊಪಿಲ್ಸ್ ಅಥವಾ ಸ್ಟೆಲೇರಿಯಂ ಆ್ಯಪ್‌ನಲ್ಲಿ ದಿಕ್ಕಿನ ಡಿಗ್ರಿ ಸಿಗುತ್ತದೆ. ಎರಡೂವರೆ ಕಿ.ಮೀ.ನಲ್ಲಿ ಒಂದು ಡಿಗ್ರಿ ತಪ್ಪಿದರೆ ಚಂದ್ರ ಇಡೀ ಗುಮ್ಮಟದಗಲ, ಅಂದರೆ 44 ಮೀಟರ್ ಪಕ್ಕಕ್ಕೆ ಬಿದ್ದಂತೆ. ಸಮಾಧಾನದ ಸಂಗತಿ ಎಂದರೆ 22 ಮೀಟರ್ ಪಕ್ಕಕ್ಕೆ ನಡೆದರೆ ಚಂದ್ರನೂ ಒಂದು ಚಂದ್ರನಗಲ ಸರಿಯುತ್ತದೆ. ಅದಕ್ಕೇ ಉದ್ದ ಬದು ಇರುವ ಹೊಲ ನೋಡಿಕೊಳ್ಳಬೇಕು, ಹೊಲದವರನ್ನು ಹಿಂದಿನ ದಿನವೇ ಕೇಳಿಕೊಂಡಿರಬೇಕು. ಚಂದ್ರ ನೇರ ಕೆಳಗೆ ಬೀಳುವುದಿಲ್ಲ: ಈ ಅಕ್ಷಾಂಶದಲ್ಲಿ ಒಂದು ಡಿಗ್ರಿ ಇಳಿದರೆ 0.3 ಡಿಗ್ರಿ ಬಲಕ್ಕೆ ಸರಿಯುತ್ತದೆ. ಫ್ರೇಮಿನ ಎಡಗಡೆ ಜಾಗ ಬಿಟ್ಟು ಕಾಯಬೇಕು. ಒಂದು ಡಿಗ್ರಿ ಇಳಿಯಲು ನಾಲ್ಕು ನಿಮಿಷವಷ್ಟೇ.

ಈಗ ಲೆನ್ಸಿನ ಗುಣ-ದೋಷ. ದೊಡ್ಡ ಕಿರಿಕಿರಿ ಫೋಕಸ್ ರಿಂಗಿನದು. ಇದು ಮೋಟರ್ ಮೂಲಕ ಕೆಲಸ ಮಾಡುವ ರಿಂಗ್. ಮೇಲೆ ದೂರದ ಗುರುತಿಲ್ಲ, ಅನಂತದಲ್ಲಿ ಬಂದು ನಿಲ್ಲುವ ತಡೆಯಿಲ್ಲ, ಕ್ಯಾಮೆರಾ ನಿದ್ದೆಗೆ ಜಾರಿದ್ದರೆ ಎಷ್ಟು ತಿರುವಿದರೂ ಏನೂ ಆಗುವುದಿಲ್ಲ. ಕತ್ತಲಲ್ಲಿ ಅಂದಾಜಿನಿಂದ ಫೋಕಸ್ ಮಾಡುವವರಿಗೆ ಇದು ಸಾಕಾಗಿ ಹೋಗುತ್ತದೆ. ಉಪಾಯ ಹೀಗೆ: ಲೈವ್ ವ್ಯೂನಲ್ಲಿ (ಹಿಂದಿನ ಪರದೆಯಲ್ಲಿ ನೋಡುತ್ತ) ಆಟೊಫೋಕಸ್ ಚೌಕವನ್ನು ಚಂದ್ರನ ನಡುವಿಗಲ್ಲ, ಅಂಚಿಗೆ ಇಡಿ, ಫೋಕಸ್ ಕೂತ ಮೇಲೆ ಲೆನ್ಸಿನ ಗುಂಡಿಯನ್ನು ಎಂಎಫ್‌ಗೆ (ಕೈಯಿಂದ ಫೋಕಸ್) ಸರಿಸಿ, 10 ಪಟ್ಟು ಹಿಗ್ಗಿಸಿ ಖಾತ್ರಿ ಮಾಡಿಕೊಳ್ಳಿ. ಮೆನುವಿನಲ್ಲಿ ಆಟೊ ಪವರ್ ಆಫ್ ಬಂದ್ ಮಾಡಿಡಿ. ಆಮೇಲೆ ಜೂಮ್ ಮುಟ್ಟಿದರೆ ಮತ್ತೆ ಮೊದಲಿನಿಂದ.

250 ಎಂಎಂನಲ್ಲಿ ಎಫ್/5.6 ಪೂರ್ತಿ ತೆರೆದ ಅಪರ್ಚರ್ (ಬೆಳಕು ಬರುವ ಕಿಂಡಿ). ಬಳಸಬಹುದು, ಆದರೆ ಎಫ್/8ರಲ್ಲಿ ಚಂದ್ರನ ಅಂಚು ಹೆಚ್ಚು ಬಿಗಿಯಾಗಿ ಬರುತ್ತದೆ. ಎಫ್/11ರಾಚೆ ಡಿಫ್ರಾಕ್ಷನ್ನಿನಿಂದ (ಸಣ್ಣ ಕಿಂಡಿಯಲ್ಲಿ ಬೆಳಕು ಚದುರುವುದರಿಂದ) ಮತ್ತೆ ಮೆತ್ತಗಾಗುತ್ತದೆ. ಎಫ್/8ರಲ್ಲಿ ಹೈಪರ್‌ಫೋಕಲ್ ದೂರ (ಅಲ್ಲಿ ಫೋಕಸ್ ಮಾಡಿದರೆ ಅನಂತದವರೆಗೂ ಸ್ಪಷ್ಟ) ಸುಮಾರು 400 ಮೀಟರ್, ಹಾಗಾಗಿ ಒಂದು ಕಿ.ಮೀ. ಆಚೆಯ ಗುಮ್ಮಟ, ಚಂದ್ರ ಎರಡೂ ಒಂದೇ ಫೋಕಸ್‌ನಲ್ಲಿ ನಿಲ್ಲುತ್ತವೆ.

ಐಎಸ್ ಕೈಯಲ್ಲಿ ಹಿಡಿದಾಗ ಉಪಕಾರಿ, ಟ್ರೈಪಾಡ್ ಮೇಲೆ ಆಫ್ ಮಾಡಬೇಕು. ಟ್ರೈಪಾಡ್ ಪಟ್ಟಿ ಈ ಲೆನ್ಸಿಗಿಲ್ಲ, ಇಷ್ಟು ಹಗುರದ್ದಕ್ಕೆ ಬೇಕಾಗಿಯೂ ಇಲ್ಲ. ಬಯಲಿನ ಗಾಳಿ ನಿಜವಾದ ಶತ್ರು. ಟ್ರೈಪಾಡಿನ ನಡುಗಂಬ ಎತ್ತಬೇಡಿ, ಬ್ಯಾಗು ತೂಗುಹಾಕಿ, ಕೊರಳ ಪಟ್ಟಿ ಬಿಚ್ಚಿಡಿ. 2 ಸೆಕೆಂಡಿನ ಟೈಮರ್ ಸಾಕು. ಡಿಎಸ್‌ಎಲ್‌ಆರ್ ಆದರೆ ಲೈವ್ ವ್ಯೂನಲ್ಲೇ ತೆಗೆಯಿರಿ, ಕನ್ನಡಿ ಬಡಿಯುವ ಅದುರು ತಪ್ಪುತ್ತದೆ. ಷಟರ್ ಎಷ್ಟು ನಿಧಾನ ಇಡಬಹುದು ಎನ್ನುವುದಕ್ಕೆ ಲೆಕ್ಕವಿದೆ: ಚಂದ್ರ ಸೆಕೆಂಡಿಗೆ 15 ಆರ್ಕ್ ಸೆಕೆಂಡ್ (ಒಂದು ಡಿಗ್ರಿಗೆ 3600 ಆರ್ಕ್ ಸೆಕೆಂಡ್) ಓಡುತ್ತದೆ, 250 ಎಂಎಂನಲ್ಲಿ ಒಂದು ಪಿಕ್ಸೆಲ್ ಸುಮಾರು 3 ಆರ್ಕ್ ಸೆಕೆಂಡ್. ಅಂದರೆ 1/5 ಸೆಕೆಂಡಿಗೆ ಒಂದು ಪಿಕ್ಸೆಲ್. ಪೂರ್ತಿ ಒಂದು ಸೆಕೆಂಡ್ ತೆರೆದರೆ ಐದು ಪಿಕ್ಸೆಲ್ ಉಜ್ಜಿಹೋಗುತ್ತದೆ.

ಸೂರ್ಯೋದಯಕ್ಕೆ 12 ನಿಮಿಷ ಮುಂಚೆ ಐಎಸ್‌ಒ 400, ಎಫ್/8, 1/60 ರಿಂದ 1/125ರೊಳಗೆ ಶುರು ಮಾಡಿ. ಸೂರ್ಯ ಹುಟ್ಟುವ ಹೊತ್ತಿಗೆ ಐಎಸ್‌ಒ 200, ಎಫ್/8, 1/125. ಮ್ಯಾನುಯಲ್ ಮೋಡ್, ರಾ ಫೈಲ್ (ಕ್ಯಾಮೆರಾ ತಿದ್ದದ ಮೂಲ ಫೈಲ್). ಆಟೊದಲ್ಲಿ ಬಿಟ್ಟರೆ ಕ್ಯಾಮೆರಾ ಆಕಾಶವನ್ನು ಅಳೆದು ಚಂದ್ರನನ್ನು ಬಿಳಿ ರೂಪಾಯಿ ಮಾಡಿಬಿಡುತ್ತದೆ. ಚಂದ್ರನ ಮೇಲೆ ಹೈಲೈಟ್ ಎಚ್ಚರಿಕೆ ಮಿಣುಕಿದರೆ ಒಂದು ಸ್ಟಾಪ್ (ಬೆಳಕು ಅರ್ಧಕ್ಕೆ) ಇಳಿಸಿ, ನೆಲವನ್ನು ಆಮೇಲೆ ಎತ್ತಿಕೊಳ್ಳಬಹುದು. ವೈಟ್ ಬ್ಯಾಲೆನ್ಸ್ ಡೇಲೈಟ್‌ನಲ್ಲಿರಲಿ, ಇಲ್ಲದಿದ್ದರೆ ದಿಗಂತದ ತಾಮ್ರದ ಬಣ್ಣವನ್ನು ಕ್ಯಾಮೆರಾ ಒರೆಸಿಹಾಕುತ್ತದೆ.

ಬಾದಾಮಿಯಲ್ಲಿ ಇದೇ ಲೆನ್ಸ್ ಬೇರೆ ಪಾಠ ಕಲಿಸುತ್ತದೆ. ಅಗಸ್ತ್ಯ ತೀರ್ಥದ ಊರ ಕಡೆಯ ದಂಡೆಯಿಂದ ಪೂರ್ವಕ್ಕೆ ಭೂತನಾಥ ಗುಡಿ, ಅದರ ಹಿಂದೆ ಕೆಂಪು ಬಂಡೆಯ ಬೆಟ್ಟ. ಬೆಟ್ಟದಂಚು 8 ಡಿಗ್ರಿ ಎತ್ತರ ಕಂಡರೆ (ಚಾಚಿದ ಕೈಯ ಮುಷ್ಟಿ ಸುಮಾರು 10 ಡಿಗ್ರಿ) ಚಂದ್ರ ಆ್ಯಪ್ ಹೇಳಿದ್ದಕ್ಕಿಂತ 33 ನಿಮಿಷ ತಡವಾಗಿ ಕಾಣುತ್ತದೆ. ಹುಣ್ಣಿಮೆಯ ದಿನ ಅಷ್ಟೊತ್ತಿಗೆ ಕತ್ತಲು. ಅದಕ್ಕೇ ಇಲ್ಲಿಗೆ ಹಿಂದಿನ ದಿನ, ಚತುರ್ದಶಿ ಸರಿ. ಅಂದು ಚಂದ್ರ ಮುಕ್ಕಾಲು ತಾಸು ಮುಂಚೆ ಹುಟ್ಟಿ, ಸೂರ್ಯ ಮುಳುಗುವ ಹೊತ್ತಿಗೆ ಬೆಟ್ಟದ ಮೇಲೆ ಬಂದಿರುತ್ತದೆ. ಗುಡಿ ಕೆಲವೇ ನೂರು ಮೀಟರ್ ದೂರದಲ್ಲಿರುವುದರಿಂದ ಫೋಕಸ್ ಗುಡಿಯ ಮೇಲಿಟ್ಟು ಎಫ್/8 ಅಥವಾ ಎಫ್/11. ರಾತ್ರಿಯಾದ ಮೇಲೆ ಒಂದೇ ಕ್ಲಿಕ್ಕಿನ ಆಸೆ ಬಿಡಿ: ಮೇಲೇರಿದ ಚಂದ್ರನಿಗೆ ಐಎಸ್‌ಒ 100, ಎಫ್/8, 1/200 ಬೇಕಾದರೆ, ಅದೇ ಬೆಳದಿಂಗಳಲ್ಲಿ ಮಿಂದ ಬಂಡೆಗೆ ಐಎಸ್‌ಒ 1600, ಎಫ್/4, 8 ಸೆಕೆಂಡ್ ಬೇಕು. ಹದಿನಾರೂವರೆ ಸ್ಟಾಪಿಗೂ ಹೆಚ್ಚಿನ ಅಂತರ, ಯಾವ ಸೆನ್ಸರೂ ತಡೆಯದು. ಎಫ್/4 ಸಿಗುವುದೂ 55 ಎಂಎಂ ತುದಿಯಲ್ಲಿ ಮಾತ್ರ. ಪುರಾತತ್ವ ಇಲಾಖೆಯ ಆವರಣದೊಳಗೆ ಟ್ರೈಪಾಡಿಗೆ ಮೊದಲೇ ಅನುಮತಿ ಪಡೆಯಬೇಕು.

ಪೈಪೋಟಿಯ ಮಾತು. ಸಿಗ್ಮಾ 150-600 ಕಂಟೆಂಪರರಿ ಚಂದ್ರನನ್ನು 5.5 ಮಿ.ಮೀ. ಮಾಡಿಕೊಡುತ್ತದೆ, ಆದರೆ ತೂಕ ಎರಡು ಕಿಲೋ ಹತ್ತಿರ, ಅದಕ್ಕೆ ತಕ್ಕ ಟ್ರೈಪಾಡಿನ ಖರ್ಚು ಬೇರೆ. ಹಕ್ಕಿಗಳ ಹುಚ್ಚೂ ಇದ್ದರೆ ತಗೊಳ್ಳಿ. ನಿಕಾನ್ ಪಿ950ರ 2000 ಎಂಎಂಗೆ ಸಮನಾದ ಜೂಮ್ ಕುಳಿ ತೋರಿಸುವುದರಲ್ಲಿ ಗಟ್ಟಿಗ, ಆದರೆ ಉಗುರಿನಷ್ಟು ಸೆನ್ಸರ್ ನಸುಕಿನ ಬೆಳಕಿನಲ್ಲಿ ಮರಳು ಚೆಲ್ಲಿದಂತೆ ಗ್ರೇನ್ ಕೊಡುತ್ತದೆ.

ಸೆಕೆಂಡ್ ಹ್ಯಾಂಡ್ ಕೊಳ್ಳುವಾಗ ಹೆಸರಿನ ಕೊನೆಗೆ ಎಸ್‌ಟಿಎಂ ಇದೆಯೇ ನೋಡಿ. ಹಳೆಯ ಐಎಸ್ II ಮಾದರಿಯಲ್ಲಿ ಫೋಕಸ್ ಮಾಡುವಾಗ ಮುಂಭಾಗ ತಿರುಗುತ್ತದೆ. ಮೊಬೈಲ್ ಟಾರ್ಚನ್ನು ಹಿಂದಿನಿಂದ ಹಿಡಿದು ಗಾಜಿನಲ್ಲಿ ಫಂಗಸ್ ಎಳೆಗಳಿವೆಯೇ ಪರೀಕ್ಷಿಸಿ. 250ರಲ್ಲಿ, ಎಫ್/5.6ರಲ್ಲಿ ದೂರದ ಟವರನ್ನು ನಾಲ್ಕೂ ಮೂಲೆಗೆ ಇಟ್ಟು ನಾಲ್ಕು ಫೋಟೊ ತೆಗೆಯಿರಿ. ಒಂದು ಮೂಲೆ ಮಾತ್ರ ಮಸುಕಾದರೆ ಒಳಗಿನ ಗಾಜು ಸರಿದಿದೆ, ಬೇಡ. ಹುಡ್ ಬೇರೆ ಕೊಳ್ಳಬೇಕು, ಇಟಿ-63. ಬೆಳಗಿನ ಜಾವದ ಇಬ್ಬನಿ ಮುಂದಿನ ಗಾಜಿಗೆ ಕೂರುವುದನ್ನು ಅದು ಸ್ವಲ್ಪ ತಡೆಯುತ್ತದೆ. ಆರ್ ಸರಣಿಯ ಮಿರರ್‌ಲೆಸ್ ಇದ್ದವರಿಗೆ ಇಎಫ್-ಇಒಎಸ್ ಆರ್ ಅಡಾಪ್ಟರ್ ಬೇಕೇ ಬೇಕು, ಅದರ ಬೆಲೆಯನ್ನೂ ಸೇರಿಸಿಯೇ ಚೌಕಾಸಿಗೆ ಕೂರಿ.