ಈಜುಕೊಳದ ಆಟಿಕೆ: ಬುಟ್ಟಿಯೋ, ಹೊಸದೋ, ಈರುಳ್ಳಿ ಚೀಲವೋ?

ಕೊರೊನಾ ಕಾಲ. 2021ರ ಫೆಬ್ರವರಿಯಿಂದ ಈಜುಕೊಳ ಎಲ್ಲರಿಗೂ ತೆರೆಯಬಹುದು ಅಂತ ಕೇಂದ್ರದ ಆದೇಶ ಬಂತು. ಸಕಲೇಶಪುರದ ಹತ್ತಿರ ನಮ್ಮದೊಂದು ಹೋಂಸ್ಟೇ. ಕೊಳ ಚಿಕ್ಕದೇ, ಆದರೆ ಬೆಂಗಳೂರಿಂದ ಬಂದ ಮಕ್ಕಳು ಚೀಲ ಎಸೆದು ಮೊದಲು ಓಡುವುದು ಅಲ್ಲಿಗೇ. ನೀರಿನ ಬಗ್ಗೆ ಅಂಥಾ ಭಯ ಇರಲಿಲ್ಲ, ಕ್ಲೋರಿನ್ 1ರಿಂದ 3 ಪಿಪಿಎಂ (ಹತ್ತು ಲಕ್ಷ ಪಾಲು ನೀರಿಗೆ ಒಂದರಿಂದ ಮೂರು ಪಾಲು) ಇಟ್ಟುಕೊಂಡರೆ ಸಾಕಿತ್ತು. ತಲೆನೋವು ಆಟಿಕೆಗಳದ್ದು.

ಮೊದಲು ಹಳೇ ಪದ್ಧತಿ. ಕೊಳದ ಪಕ್ಕ ಒಂದು ಬುಟ್ಟಿ, ಬೇಕಾದವರು ತಗೊಳ್ಳಲಿ, ಅವರು ಹೋದ ಮೇಲೆ ಬ್ಲೀಚ್ ನೀರಲ್ಲಿ ಅದ್ದುವುದು. ಖರ್ಚಿಲ್ಲ. ಒಂದು ಶನಿವಾರ ಒಬ್ಬರು ಮಗನ ಟ್ಯೂಬಿನ ಮೂತಿಗೆ ಬಾಯಿಟ್ಟು ಊದಿದರು. ಸ್ವಲ್ಪ ಹೊತ್ತಿಗೆ ಗಾಳಿ ಇಳೀತು. ಪಕ್ಕದ ರೂಮಿನವರು ಬಂದು ಅದೇ ಮೂತಿಗೆ ಬಾಯಿಟ್ಟರು! ಹೊರಗೆಲ್ಲ ಒರೆಸಿದ್ದೇ ಒರೆಸಿದ್ದು, ಆ ಮೂತಿಯೊಳಗೆ ಯಾವ ಬಟ್ಟೆ ಹೋಗುತ್ತೆ ಹೇಳಿ. ಹಿಡಿದು ತೇಲುವ ಉದ್ದನೆಯ ಫೋಮ್ ಕೋಲುಗಳು, ಅಂದರೆ ನೂಡಲ್‌ಗಳದ್ದು ಇನ್ನೊಂದು ಕಥೆ. ಬ್ಲೀಚ್ ಕುಡಿದೂ ಕುಡಿದೂ ಪುಡಿಪುಡಿಯಾಗಿ ಉದುರಿ ಫಿಲ್ಟರ್ ಸೇರಿದವು.

ಆಮೇಲೆ ಪ್ರತಿ ಕುಟುಂಬಕ್ಕೂ ಹೊಸ ಟ್ಯೂಬು, ಹೊಸ ಚೆಂಡು ಕೊಟ್ಟು ನೋಡಿದೆ. ಅತಿಥಿಗಳಿಗೆ ಖುಷಿಯೋ ಖುಷಿ. ಆದರೆ ಅಗ್ಗದ ಟ್ಯೂಬು ಕೊಳದ ಕಲ್ಲಿನ ಅಂಚಿಗೆ ಉಜ್ಜಿದರೆ ಮುಗೀತು. ಹರಿದಿದ್ದನ್ನು ಅಲ್ಲೇ ಬಿಟ್ಟು ಹೋಗುತ್ತಿದ್ದರು. ತೋಟಕ್ಕೆ ಕಸದ ಗಾಡಿ ಬರಲ್ಲ, ಅಲ್ವಾ? ಎರಡು ವಾರಕ್ಕೇ ನಿಲ್ಲಿಸಿದೆ.

ಕೊನೆಗೆ ಕೈಹಿಡಿದಿದ್ದು ಈರುಳ್ಳಿ ಚೀಲ. ಅದೇ, ಕೆಂಪು ಬಲೆಯದ್ದು. ರೂಮಿಗೆ ಎರಡು ಚೀಲ. ಒಳಗೆ ಗಟ್ಟಿ ಪ್ಲಾಸ್ಟಿಕ್ ಸಾಮಾನು ಮಾತ್ರ: ಮುಳುಗಿ ಹೆಕ್ಕುವ ರಿಂಗು, ಚಿಕ್ಕ ಬಕೆಟ್ಟು, ಚೆಂಡು. ಊದುವಂಥದ್ದು ಒಂದೂ ಇಲ್ಲ. ತೋಳಿಗೆ ಹಾಕುವ ಫ್ಲೋಟ್ ನೀವೇ ತನ್ನಿ ಅಂತ ಬುಕಿಂಗ್ ಫೋನಿನಲ್ಲೇ ಹೇಳುತ್ತಿದ್ದೆ. ಅತಿಥಿಗಳು ಹೊರಟ ಮೇಲೆ ಚೀಲದ ಸಮೇತ ಸೋಪಿನ ನೀರಲ್ಲಿ ಅದ್ದಿ, ಕಾಫಿ ಒಣಗಿಸುವ ಕಣದ ಪಕ್ಕ ಮೊಳೆಗೆ ನೇತುಹಾಕುವುದು. ನೀರು ತಾನೇ ಸೋರುತ್ತೆ. ಪ್ಲಾಸ್ಟಿಕ್ ಮೇಲೆ ಕೊರೊನಾ ವೈರಸ್ 72 ಗಂಟೆವರೆಗೂ ಇರಬಹುದು ಅಂತ 2020ರಲ್ಲೇ ಪ್ರಯೋಗದಲ್ಲಿ ಕಂಡಿತ್ತು. ನಮ್ಮದು ವಾರಾಂತ್ಯದ ವ್ಯಾಪಾರ. ಭಾನುವಾರ ನೇತುಹಾಕಿದ ಚೀಲ ಶುಕ್ರವಾರದವರೆಗೆ ಸುಮ್ನೆ ಒಣಗುತ್ತಿತ್ತು.

ಈ ಲೆಕ್ಕ ತಪ್ಪಿದ್ದು ಶಿವರಾತ್ರಿ ವಾರದಲ್ಲಿ. ಗುರುವಾರದಿಂದ ರೂಮು ಖಾಲಿಯೇ ಆಗಲಿಲ್ಲ, ಚೀಲಗಳೆಲ್ಲ ಮೊಳೆಯ ಮೇಲೆ. ಮೇಲಿನ ರೂಮಿನ ಇಬ್ಬರು ಮಕ್ಕಳಿಗೆ ಬಚ್ಚಲಿಗೆಂದು ತಂದಿಟ್ಟಿದ್ದ ಹೊಸ ಮಗ್ಗು ಕೊಟ್ಟೆ. ಸಂಜೆವರೆಗೂ ಅದರಲ್ಲೇ ಅವರಪ್ಪನ ಮೇಲೆ ನೀರು ಎರಚಿದರು.